ಅದಬ್ ಮತ್ತು ಅಖ್ಲಾಕ್: ನಡತೆಯನ್ನು ತಿದ್ದಿಕೊಳ್ಳಲು ಹೊರಟವರಿಗೆ ಹಂತಹಂತದ ಮಾರ್ಗದರ್ಶಿ

ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಮೂರು. ಅದಬ್ ಮತ್ತು ಅಖ್ಲಾಕ್ ಎರಡೂ ಒಂದೆಯೇ? ಐದು ಹೊತ್ತು ನಮಾಝ್ ನಿರ್ವಹಿಸುತ್ತಿದ್ದರೂ ನಾಲಿಗೆ ಮತ್ತು ಕೋಪ ಹತೋಟಿಗೆ ಬಾರದಿರುವುದು ಏಕೆ? ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಹಾಗಾದರೆ ನಡೆಸುವ ಪ್ರಯತ್ನಕ್ಕೆ ಅರ್ಥವಿದೆಯೇ? ಇವಕ್ಕೆ ಬಿಡಿಬಿಡಿಯಾಗಿ ಉತ್ತರಿಸುವ ಬದಲು, ಇಂದೇ ಆರಂಭಿಸಬಹುದಾದ ಕ್ರಮವೊಂದನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲು ಎರಡು ಪದಗಳ ಅರ್ಥ

ಅಖ್ಲಾಕ್ ಎಂಬುದು ‘ಖುಲುಕ್’ ಎಂಬ ಅರಬಿ ಪದದ ಬಹುವಚನ. ಅದೇ ಧಾತುವಿನಿಂದ ‘ಖಲ್ಕ್’ ಎಂಬ ಪದವೂ ಬಂದಿದೆ. ಕಣ್ಣಿಗೆ ಕಾಣುವ ಮೈಕಟ್ಟು, ಮುಖಚರ್ಯೆ ಖಲ್ಕ್. ಕಣ್ಣಿಗೆ ಕಾಣದ ಒಳಗಿನ ರೂಪ ಖುಲುಕ್. ಕ್ರಿ.ಶ. 1111ರಲ್ಲಿ ನಿಧನರಾದ ಇಸ್ಲಾಮೀ ವಿದ್ವಾಂಸ ಇಮಾಮ್ ಗಝ್ಝಾಲಿಯವರ ವಿವರಣೆಯ ಪ್ರಕಾರ, ಮನಸ್ಸಿನಲ್ಲಿ ಬೇರೂರಿ ನಿಂತು, ಯೋಚನೆಯ ಅಗತ್ಯವಿಲ್ಲದೆ ಸರಾಗವಾಗಿ ಕೃತ್ಯಗಳನ್ನು ಹೊರಡಿಸುವ ಸ್ಥಿತಿಯೇ ಖುಲುಕ್. ಯಾವಾಗಲೋ ಒಮ್ಮೆ ದಾನ ಮಾಡಿದವನನ್ನು ಉದಾರಿ ಎನ್ನಲಾಗುವುದಿಲ್ಲ. ಕೊಡುವುದು ಯಾರಿಗೆ ಹೊರೆಯೆನಿಸುವುದಿಲ್ಲವೋ ಅವನೇ ಉದಾರಿ.

ಅದಬ್ ಎಂದರೆ ಪ್ರತಿಯೊಂದು ಸಂದರ್ಭಕ್ಕೂ, ಪ್ರತಿಯೊಬ್ಬ ವ್ಯಕ್ತಿಗೂ ಸಲ್ಲಬೇಕಾದ ರೀತಿಯಲ್ಲಿ ನಡೆದುಕೊಳ್ಳುವ ಕ್ರಮ. ಔತಣ ಎಂಬರ್ಥದ ‘ಮಅ್‌ದುಬಾ’ ಎಂಬ ಪದಕ್ಕೂ ಇದೇ ಧಾತು. ಉರ್ದುವಿನಲ್ಲಿ ಸಾಹಿತ್ಯಕ್ಕೂ ಅದಬ್ ಎನ್ನುತ್ತಾರೆ; ನಮ್ಮ ಕಡೆಯ ದಖನಿ ಮಾತಾಡುವ ಮನೆಗಳಲ್ಲಿ ಹಿರಿಯರ ಮುಂದೆ ಕಾಲು ಚಾಚಿ ಕುಳಿತ ಹುಡುಗನಿಗೆ ‘ಬೇಅದಬ್’ ಎಂಬ ಬೈಗುಳ ಬೀಳುತ್ತದೆ. ಹೀಗಾಗಿ ಎರಡೂ ಒಂದೇ ಅಲ್ಲ, ಆದರೆ ಒಂದು ಇನ್ನೊಂದಕ್ಕೆ ದಾರಿ. ಅದಬ್ ಹೊರಗಿನಿಂದ ರೂಢಿಸಿಕೊಳ್ಳುವ ಶಿಸ್ತು. ಅದು ದಿನದಿನವೂ ಮರುಕಳಿಸಿ ಒಳಗೆ ಇಳಿದು ನಿಂತಾಗ ಅಖ್ಲಾಕ್ ಆಗುತ್ತದೆ. ಈ ಲೇಖನದಲ್ಲಿ ನಾನು ಹೇಳಬೇಕಾದ ಮುಖ್ಯ ಮಾತು ಇದೇ. ಶಿಷ್ಟಾಚಾರಗಳ ಪಟ್ಟಿಯನ್ನು ಬಾಯಿಪಾಠ ಮಾಡಿ, ಅದರಿಂದ ಇತರರನ್ನು ಅಳೆಯುವವರಿಗೆ ಅದಬ್ ದಕ್ಕುವುದಿಲ್ಲ.

ಇದು ಧರ್ಮದ ಅಂಚಿನ ವಿಷಯವೂ ಅಲ್ಲ. ಪವಿತ್ರ ಕುರ್‌ಆನಿನ 68ನೇ ಅಧ್ಯಾಯದ 4ನೇ ವಚನವು ಪ್ರವಾದಿ ಮುಹಮ್ಮದ್(ಸ)ರನ್ನು ಮಹೋನ್ನತ ಚಾರಿತ್ರ್ಯದ ಮೇಲಿರುವವರೆಂದು ಕರೆಯುತ್ತದೆ. ಅವರ ಚಾರಿತ್ರ್ಯ ಹೇಗಿತ್ತೆಂದು ಕೇಳಿದವರಿಗೆ ಪತ್ನಿ ಆಯಿಶಾ(ರ) ನೀಡಿದ ಉತ್ತರ, ಕುರ್‌ಆನ್ ಎಂಬುದೇ ಅವರ ಚಾರಿತ್ರ್ಯವಾಗಿತ್ತು ಎಂದು. ಕರ್ಮಗಳನ್ನು ತೂಗುವ ದಿನ ತಕ್ಕಡಿಯಲ್ಲಿ ಸನ್ನಡತೆಗಿಂತ ಭಾರವಾದುದು ಬೇರೊಂದಿಲ್ಲ ಎಂಬ ಹದೀಸ್, ಅಂದರೆ ಪ್ರವಾದಿಯವರ ಮಾತು ಮತ್ತು ನಡೆಯ ವರದಿಯೂ ಇದೆ. (ಹೆಸರುಗಳ ಜೊತೆ ಬರುವ ಸ, ರ, ಅ ಎಂಬವು ಗೌರವದ ಪ್ರಾರ್ಥನೆಗಳ ಹ್ರಸ್ವರೂಪ.)

ಸ್ವಭಾವ ಬದಲಾಗುತ್ತದೆಯೇ?

ಬದಲಾಗದಿದ್ದರೆ ಉಪದೇಶ, ಶಿಕ್ಷಣ, ಶಿಸ್ತು ಎಲ್ಲವೂ ವ್ಯರ್ಥವಾಗುತ್ತಿತ್ತಲ್ಲವೇ ಎಂದು ಗಝ್ಝಾಲಿ ಮರುಪ್ರಶ್ನೆ ಹಾಕುತ್ತಾರೆ. ಕಾಡಿನ ಗಿಡುಗವೂ ಪಳಗುತ್ತದೆ, ಕುದುರೆಯೂ ಕಡಿವಾಣಕ್ಕೆ ಒಗ್ಗುತ್ತದೆ. ಅವರು ಕೊಡುವ ಖರ್ಜೂರದ ಬೀಜದ ಹೋಲಿಕೆ ಇನ್ನೂ ಸೂಕ್ಷ್ಮವಾದುದು. ಆ ಬೀಜ ಸೇಬಿನ ಮರವಾಗಲಾರದು. ಆದರೆ ನೀರೆರೆದು ಆರೈಕೆ ಮಾಡಿದರೆ ಖರ್ಜೂರದ ಮರವಾಗಬಲ್ಲದು. ಕೋಪವನ್ನು ಬುಡಸಹಿತ ಕಿತ್ತುಹಾಕುವುದು ಸಾಧ್ಯವೂ ಅಲ್ಲ, ಬೇಕಾದದ್ದೂ ಅಲ್ಲ. ಅನ್ಯಾಯ ಕಂಡಾಗ ಕೆರಳದವನು ದುರ್ಬಲನನ್ನು ರಕ್ಷಿಸಲಾರ. ಅದನ್ನು ವಿವೇಕದ ಕೈಗೆ ಒಪ್ಪಿಸುವುದು ಸಾಧ್ಯ. ಗುರಿಯನ್ನು ಇಷ್ಟಕ್ಕೆ ಸೀಮಿತಗೊಳಿಸಿಕೊಂಡು ಹೊರಡಿ. ಎರಡೇ ವಾರದಲ್ಲಿ ಹೊಸ ಮನುಷ್ಯರಾಗಲು ಹೊರಟವರು ಮೂರನೆಯ ವಾರಕ್ಕೆ ಎಲ್ಲವನ್ನೂ ಕೈಬಿಟ್ಟಿರುತ್ತಾರೆ.

ಬೇಕಾಗುವ ವಸ್ತುಗಳು ಹೆಚ್ಚಿಲ್ಲ. ನಿಮ್ಮ ಕೈಗೆ ಮಾತ್ರ ಸಿಗುವ ಒಂದು ಸಣ್ಣ ಟಿಪ್ಪಣಿ ಪುಸ್ತಕ, ಮುಖದ ಮೇಲೆ ಸತ್ಯ ಹೇಳುವ ಒಬ್ಬ ಗೆಳೆಯ ಅಥವಾ ಗೆಳತಿ, ರಾತ್ರಿ ಮಲಗುವ ಮುನ್ನ ಹತ್ತು ನಿಮಿಷ. ಅಷ್ಟೇ.

1. ನಿಯ್ಯತ್ ಸರಿಪಡಿಸಿಕೊಳ್ಳಿ

ನಿಯ್ಯತ್ ಎಂದರೆ ಸಂಕಲ್ಪ. ಯಾರ ಮೆಚ್ಚುಗೆಗಾಗಿ ಈ ಕೆಲಸ ಎಂಬುದರ ತೀರ್ಮಾನ. ಜನರಿಂದ ಸಂಭಾವಿತನೆನಿಸಿಕೊಳ್ಳಲು ನಯವಾಗಿ ನಡೆಯುವುದಕ್ಕೆ ‘ರಿಯಾ’, ಅಂದರೆ ತೋರಿಕೆ ಎನ್ನುತ್ತಾರೆ. ಯಾರೂ ನೋಡದ ಕಡೆ ಆ ನಯ ಉಳಿಯುವುದಿಲ್ಲ. ಆದರೆ ತೋರಿಕೆಯ ಭಯದಿಂದ ಒಳ್ಳೆಯ ಕೆಲಸವನ್ನೇ ನಿಲ್ಲಿಸುವುದು ಇನ್ನೊಂದು ತಪ್ಪು. ಕೆಲಸ ಮುಂದುವರಿಸಿ, ನಿಯ್ಯತ್ತನ್ನು ಮತ್ತೆ ಮತ್ತೆ ತಿದ್ದಿಕೊಳ್ಳಿ. ‘ಅಲ್ಲಾಹನೇ, ನನ್ನ ರೂಪವನ್ನು ಚೆನ್ನಾಗಿಸಿದಂತೆ ನನ್ನ ನಡತೆಯನ್ನೂ ಚೆನ್ನಾಗಿಸು’ ಎಂಬರ್ಥದ ಪ್ರವಾದಿಯವರ(ಸ) ಪ್ರಾರ್ಥನೆಯೊಂದು ವರದಿಯಾಗಿದೆ. ಖಲ್ಕ್ ಮತ್ತು ಖುಲುಕ್ ಎಂಬ ಎರಡು ಪದಗಳೂ ಅದರಲ್ಲಿ ಜೊತೆಯಾಗಿಯೇ ಬರುತ್ತವೆ. ದಿನಕ್ಕೊಮ್ಮೆಯಾದರೂ ಅದನ್ನು ಬೇಡಿಕೊಳ್ಳಿ.

2. ಒಂದೇ ಒಂದು ದೋಷವನ್ನು ಗುರುತಿಸಿ

ತನ್ನ ದೋಷ ತನಗೆ ಕಾಣುವುದು ಕಷ್ಟ. ಅದಕ್ಕೆ ಗಝ್ಝಾಲಿ ನಾಲ್ಕು ದಾರಿಗಳನ್ನು ಸೂಚಿಸುತ್ತಾರೆ. ಅರಿತ ಗುರುವಿನ ಬಳಿ ಕೂರುವುದು ಒಂದು. ಪ್ರಾಮಾಣಿಕ ಗೆಳೆಯನನ್ನು ಕಾವಲಿಗೆ ನೇಮಿಸಿಕೊಳ್ಳುವುದು ಎರಡು. ನಿಮ್ಮನ್ನು ಕಂಡರಾಗದವರ ಮಾತಿನಿಂದ ಕಲಿಯುವುದು ಮೂರು. ಇತರರಲ್ಲಿ ನಿಮಗೆ ಅಸಹ್ಯವೆನಿಸಿದ್ದು ನಿಮ್ಮಲ್ಲೂ ಇದೆಯೇ ಎಂದು ಪರೀಕ್ಷಿಸಿಕೊಳ್ಳುವುದು ನಾಲ್ಕು. ಮೂರನೆಯದು ನುಂಗಲು ಕಹಿಯಾದರೂ ಅತ್ಯಂತ ಉಪಯುಕ್ತವೆಂದು ನನ್ನ ಅನಿಸಿಕೆ. ಹೊಗಳುವ ಗೆಳೆಯ ಮುಚ್ಚಿಟ್ಟದ್ದನ್ನು ವೈರಿ ಬಿಚ್ಚಿ ಹೇಳುತ್ತಾನೆ. ಅದರಲ್ಲಿನ ದ್ವೇಷವನ್ನು ಬದಿಗಿಟ್ಟು ಮಾಹಿತಿಯನ್ನಷ್ಟೇ ಉಳಿಸಿಕೊಳ್ಳಬೇಕು.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪೆಂದರೆ ಕೋಪ, ಸುಳ್ಳು, ಅಸೂಯೆ, ಸೋಮಾರಿತನ ಎಂದು ಹತ್ತು ದೋಷಗಳ ಪಟ್ಟಿ ಮಾಡಿ ಎಲ್ಲದರ ಮೇಲೂ ಒಮ್ಮೆಲೇ ಮುಗಿಬೀಳುವುದು. ಒಂದನ್ನು ಮಾತ್ರ ಆರಿಸಿ. ಅಲ್ಲಾಹನಿಗೆ ಅತ್ಯಂತ ಪ್ರಿಯವಾದ ಕರ್ಮವು ಅಲ್ಪವಾದರೂ ನಿರಂತರವಾದುದು ಎಂಬ ಪ್ರಸಿದ್ಧ ಹದೀಸ್ ಈ ಕೆಲಸಕ್ಕೂ ಅನ್ವಯಿಸುತ್ತದೆ.

3. ಮನೆಯೊಳಗಿನಿಂದ ಆರಂಭಿಸಿ

ಅತಿಥಿಗಳೊಂದಿಗೆ ಮೃದುವಾಗಿ ಮಾತನಾಡುವುದು ಕಷ್ಟವಲ್ಲ. ಅದರಲ್ಲಿ ಲಾಭವಿದೆ, ಹೆಸರೂ ಇದೆ. ನಿಮ್ಮ ಮಾತಿಗೆ ಎದುರು ಹೇಳಲಾಗದವರ ಜೊತೆ ನೀವು ಹೇಗಿದ್ದೀರಿ ಎಂಬುದರಲ್ಲಿ ನಿಮ್ಮ ಅಖ್ಲಾಕ್ ತಿಳಿಯುತ್ತದೆ. ನಿಮ್ಮಲ್ಲಿ ಉತ್ತಮರು ತಮ್ಮ ಮನೆಯವರಿಗೆ ಉತ್ತಮರಾದವರು ಎಂದು ಪ್ರವಾದಿ(ಸ) ಹೇಳಿದ್ದಾರೆ. ಹುಡುಗನಾಗಿದ್ದಾಗಿನಿಂದ ಹತ್ತು ವರ್ಷ ಅವರ ಸೇವೆಯಲ್ಲಿದ್ದ ಅನಸ್ ಬಿನ್ ಮಾಲಿಕ್(ರ), ಅಷ್ಟೂ ಕಾಲದಲ್ಲಿ ಅವರು ತನಗೆ ಒಮ್ಮೆಯೂ ‘ಉಫ್’ ಎನ್ನಲಿಲ್ಲವೆಂದೂ, ಇದನ್ನೇಕೆ ಮಾಡಿದೆ, ಅದನ್ನೇಕೆ ಮಾಡಲಿಲ್ಲ ಎಂದು ಗದರಲಿಲ್ಲವೆಂದೂ ನೆನೆದಿದ್ದಾರೆ. ಮನೆಗೆಲಸದವರನ್ನು ಇಟ್ಟುಕೊಂಡಿರುವ ಪ್ರತಿಯೊಬ್ಬರೂ ಈ ವರದಿಯನ್ನು ನಿಧಾನವಾಗಿ ಓದಬೇಕು.

ಅದೇ ‘ಉಫ್’ ಎಂಬ ಚಿಕ್ಕ ಉದ್ಗಾರವನ್ನು ಕುರ್‌ಆನ್ (17:23) ವೃದ್ಧ ತಂದೆತಾಯಿಯರ ವಿಷಯದಲ್ಲಿ ನಿಷೇಧಿಸಿದೆ. ಅದು ಬೈಗುಳವಲ್ಲ, ಬೇಸರದ ಒಂದು ಉಸಿರು ಮಾತ್ರ. ಅಮ್ಮಿ ಒಂದೇ ಪ್ರಶ್ನೆಯನ್ನು ನಾಲ್ಕನೆಯ ಸಲ ಕೇಳಿದಾಗ ಮೊಬೈಲಿನಿಂದ ತಲೆಯೆತ್ತದೆ ‘ಹೇಳಿದೆನಲ್ಲ’ ಎನ್ನುವ ಧಾಟಿಯನ್ನು ಇದರೊಂದಿಗೆ ಹೋಲಿಸಿಕೊಳ್ಳಿ. ಮೊದಲ ವಾರ ಇದೊಂದನ್ನೇ ಅಭ್ಯಾಸ ಮಾಡಿದರೂ ಸಾಕು: ಮನೆಯವರು ಮಾತನಾಡಿಸಿದಾಗ ಫೋನು ಕೆಳಗಿಟ್ಟು, ಮುಖ ತಿರುಗಿಸಿ ಉತ್ತರ ಕೊಡುವುದು. ಜನರಿಂದ ಕೆನ್ನೆ ತಿರುಗಿಸಬೇಡ, ದನಿ ತಗ್ಗಿಸು ಎಂದು ಕುರ್‌ಆನಿನಲ್ಲಿ ಬರುವ ವಿವೇಕಿ ಲುಕ್ಮಾನ್ ತನ್ನ ಮಗನಿಗೆ ಹೇಳಿದ ಮಾತುಗಳು (31:18–19) ಇದಕ್ಕೆ ಹತ್ತಿರವಾದವು.

ಎಚ್ಚರಿಕೆ: ಮನೆಯಲ್ಲಿ ಮೃದುವಾಗಿರುವುದು ಎಂದರೆ ಹೊಡೆತ, ಅವಮಾನ, ಹಕ್ಕು ಕಸಿಯುವಿಕೆಗಳನ್ನು ಸಹಿಸುತ್ತಾ ಬಾಯಿಮುಚ್ಚಿಕೊಂಡಿರುವುದು ಎಂದಲ್ಲ. ‘ಸಬ್ರ್ ಮಾಡು’, ಅಂದರೆ ತಾಳಿಕೋ ಎಂದು ಹೇಳಿ ನೊಂದವರನ್ನು, ವಿಶೇಷವಾಗಿ ಹೆಣ್ಣುಮಕ್ಕಳನ್ನು, ಸುಮ್ಮನಾಗಿಸುವ ರೂಢಿಗೆ ಅದಬ್ ಎಂಬ ಹೆಸರು ಕೊಡುವುದು ಆ ಪದಕ್ಕೆ ಮಾಡುವ ಅನ್ಯಾಯ. ಕೆಟ್ಟ ಮಾತನ್ನು ಬಹಿರಂಗವಾಗಿ ಆಡುವುದನ್ನು ಅಲ್ಲಾಹನು ಮೆಚ್ಚುವುದಿಲ್ಲ, ಅನ್ಯಾಯಕ್ಕೊಳಗಾದವರ ಹೊರತು ಎಂದು ಕುರ್‌ಆನ್ (4:148) ಸ್ಪಷ್ಟವಾಗಿ ವಿನಾಯಿತಿ ನೀಡಿದೆ.

4. ನಾಲಿಗೆಗೆ ಕಾವಲು ಹಾಕಿ

ಅತಿ ಹೆಚ್ಚು ಶ್ರಮ ಬೇಡುವ ಹಂತ ಇದು. 18 ವಚನಗಳಷ್ಟೇ ಇರುವ ‘ಅಲ್ ಹುಜುರಾತ್’ ಎಂಬ 49ನೇ ಅಧ್ಯಾಯವನ್ನು ಒಮ್ಮೆ ಅರ್ಥಸಹಿತ ಓದಿ. ಗಾಳಿಸುದ್ದಿಯನ್ನು ಪರಿಶೀಲಿಸಬೇಕು, ಗೇಲಿ ಮಾಡಬಾರದು, ಅಡ್ಡಹೆಸರಿನಿಂದ ಕರೆಯಬಾರದು, ಸಂಶಯ ಪಡಬಾರದು, ಇಣುಕಿ ನೋಡಬಾರದು, ಬೆನ್ನಹಿಂದೆ ಆಡಿಕೊಳ್ಳಬಾರದು ಎಂಬ ಆದೇಶಗಳೆಲ್ಲ ಅಲ್ಲೇ ಒಟ್ಟಾಗಿ ಸಿಗುತ್ತವೆ.

‘ಗೀಬತ್’ ಎಂದರೆ ಒಬ್ಬ ವ್ಯಕ್ತಿ ಇಲ್ಲದಿರುವಾಗ, ಅವನಿಗೆ ಇಷ್ಟವಾಗದ ರೀತಿಯಲ್ಲಿ ಅವನ ವಿಷಯ ಪ್ರಸ್ತಾಪಿಸುವುದು. ‘ನಾನು ಇದ್ದದ್ದನ್ನೇ ಹೇಳಿದೆ, ಸುಳ್ಳೇನೂ ಹೇಳಲಿಲ್ಲ’ ಎಂಬ ಸಮರ್ಥನೆಯನ್ನು ನಾವು ದಿನಾ ಕೇಳುತ್ತೇವೆ. ಇದೇ ಪ್ರಶ್ನೆಯನ್ನು ಪ್ರವಾದಿಯವರ(ಸ) ಮುಂದೆಯೂ ಇಡಲಾಗಿತ್ತು. ಆ ದೋಷ ಅವನಲ್ಲಿ ಇದ್ದರೆ ಅದು ಗೀಬತ್, ಇಲ್ಲದಿದ್ದರೆ ‘ಬುಹ್‌ತಾನ್’, ಅಂದರೆ ಸುಳ್ಳು ಆರೋಪ ಎಂಬುದು ಅವರ ಉತ್ತರ. ಸತ್ಯವಾಗಿರುವುದೇ ಗೀಬತ್ತಿನ ಲಕ್ಷಣ. ಸತ್ಯವೆಂಬುದು ಅದಕ್ಕೆ ಸಮರ್ಥನೆಯಲ್ಲ. ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸಿ ಜಗಳ ಹಚ್ಚುವ ಚಾಡಿಗೆ ‘ನಮೀಮಾ’ ಎಂಬ ಬೇರೆಯೇ ಹೆಸರಿದೆ.

ಅಭ್ಯಾಸ ಹೀಗಿರಲಿ. ಮಾತಿನ ನಡುವೆ ಅಲ್ಲಿಲ್ಲದ ವ್ಯಕ್ತಿಯ ಹೆಸರು ಬಂದ ಕೂಡಲೇ ಅದನ್ನು ಎಚ್ಚರಿಕೆಯ ಗಂಟೆಯೆಂದು ತಿಳಿಯಿರಿ. ಅವರು ಈಗ ಬಾಗಿಲಲ್ಲಿ ನಿಂತಿದ್ದರೆ ಈ ವಾಕ್ಯವನ್ನು ಹೀಗೆಯೇ ಮುಗಿಸುತ್ತಿದ್ದೆನೇ ಎಂದು ಕೇಳಿಕೊಳ್ಳಿ. ಇಲ್ಲವೆಂದಾದರೆ ವಿಷಯ ಬದಲಿಸಿ, ಅಥವಾ ಅವರ ಒಂದು ಒಳ್ಳೆಯ ಗುಣವನ್ನು ಹೇಳಿ, ಅಥವಾ ಎದ್ದು ಹೋಗಿ. ಮದುವೆ ಮನೆಯ ಪಡಸಾಲೆ, ಮಸೀದಿಯ ಹೊರಗಿನ ಕಟ್ಟೆ, ಕುಟುಂಬದ ವಾಟ್ಸಾಪ್ ಗುಂಪು, ಈ ಮೂರು ಕಡೆ ಹೆಚ್ಚು ಜಾಗ್ರತೆ ವಹಿಸಿ. ಬಂದ ಸಂದೇಶವನ್ನು ಮುಂದಕ್ಕೆ ಕಳುಹಿಸುವ ಮೊದಲು ಅದೇ ಅಧ್ಯಾಯದ 6ನೇ ವಚನವನ್ನು ನೆನಪಿಸಿಕೊಳ್ಳಿ: ಅರಿಯದೆ ಒಂದು ಸಮುದಾಯಕ್ಕೆ ಹಾನಿಮಾಡಿ ಆಮೇಲೆ ಪಶ್ಚಾತ್ತಾಪ ಪಡಬೇಕಾದೀತು, ಆದ್ದರಿಂದ ಸುದ್ದಿಯನ್ನು ಪರಿಶೀಲಿಸಿ ಎಂಬುದು ಅದರ ಸಾರ. ಕೇಳಿದ್ದನ್ನೆಲ್ಲ ಹೇಳುತ್ತಾ ಹೋಗುವುದೇ ಒಬ್ಬ ಮನುಷ್ಯನನ್ನು ಸುಳ್ಳನಾಗಿಸಲು ಸಾಕು ಎಂಬ ಹದೀಸ್ ಫಾರ್ವರ್ಡ್ ಮಾಡುವ ಬೆರಳಿಗೂ ಅನ್ವಯಿಸುತ್ತದೆ.

ಹಾಗೆಂದು ಪ್ರತಿಯೊಂದು ಪ್ರಸ್ತಾಪವೂ ಗೀಬತ್ ಅಲ್ಲ. ಅನ್ಯಾಯದ ದೂರು ನೀಡುವಾಗ, ಧಾರ್ಮಿಕ ತೀರ್ಪು ಕೇಳುವಾಗ, ಮದುವೆ ಅಥವಾ ವ್ಯಾಪಾರದ ಸಂಬಂಧಕ್ಕೆ ವಿಚಾರಿಸಿದವರನ್ನು ಎಚ್ಚರಿಸುವಾಗ ಅಗತ್ಯವಿದ್ದಷ್ಟು ಹೇಳಲು ವಿದ್ವಾಂಸರು ಅನುಮತಿ ನೀಡಿದ್ದಾರೆ. ಹಿಂದ್(ರ) ಎಂಬ ಮಹಿಳೆ ಪ್ರವಾದಿಯವರ(ಸ) ಬಳಿ ಬಂದು, ತನ್ನ ಪತಿ ಅಬೂ ಸುಫ್ಯಾನ್ ಜಿಪುಣನೆಂದೂ ಮನೆ ಖರ್ಚಿಗೆ ಸಾಲುವಷ್ಟು ಕೊಡುವುದಿಲ್ಲವೆಂದೂ ದೂರಿದಾಗ, ಗಂಡನ ಬಗ್ಗೆ ಹೀಗಾಡಬಾರದೆಂದು ಅವರು ತಡೆಯಲಿಲ್ಲ. ನಿನಗೂ ಮಕ್ಕಳಿಗೂ ನ್ಯಾಯವಾಗಿ ಸಾಲುವಷ್ಟನ್ನು ತೆಗೆದುಕೋ ಎಂದರು. ಅಗತ್ಯದ ಗೆರೆ ದಾಟಿ ಒಂದು ವಾಕ್ಯ ಹೆಚ್ಚಾಡಿದರೆ ಅನುಮತಿ ಅಲ್ಲಿಗೆ ಮುಗಿಯುತ್ತದೆ.

ಈಗಾಗಲೇ ಆಡಿಬಿಟ್ಟ ಮಾತಿಗೆ ಏನು ಮಾಡಬೇಕು? ತೌಬಾ ಮಾಡಬೇಕು, ಅಂದರೆ ಪಶ್ಚಾತ್ತಾಪಪಟ್ಟು ಮರಳಬೇಕು. ಮಾತು ಅವರ ಕಿವಿಗೆ ಬಿದ್ದಿದ್ದರೆ ಕ್ಷಮೆ ಕೇಳಬೇಕು. ಬಿದ್ದಿಲ್ಲವಾದರೆ, ತಿಳಿಸುವುದರಿಂದ ಹೊಸ ಗಾಯವೇ ಆಗುವುದಾದರೆ, ಅವರಿಗಾಗಿ ಪ್ರಾರ್ಥಿಸಿ, ಎಲ್ಲಿ ಅವರ ಮಾನ ಕಳೆದಿದ್ದೀರೋ ಅದೇ ಜನರ ಮುಂದೆ ಅವರ ಒಳ್ಳೆಯತನವನ್ನು ಹೇಳಬೇಕೆಂದು ಅನೇಕ ವಿದ್ವಾಂಸರು ಹೇಳಿದ್ದಾರೆ. ಇದನ್ನು ಹಗುರವಾಗಿ ಎಣಿಸಬಾರದೆನ್ನಲು ಕಾರಣ, ‘ಮುಫ್ಲಿಸ್’ ಅಥವಾ ದಿವಾಳಿಯಾದವನ ಕುರಿತ ಹದೀಸ್. ನಮಾಝ್, ಉಪವಾಸ, ಝಕಾತ್ ಎಂಬ ಕಡ್ಡಾಯ ದಾನ ಇವುಗಳ ದೊಡ್ಡ ಗಂಟಿನೊಂದಿಗೆ ಬಂದವನು, ಒಬ್ಬರನ್ನು ಬೈದ, ಇನ್ನೊಬ್ಬರ ಮೇಲೆ ಆರೋಪ ಹೊರಿಸಿದ, ಮತ್ತೊಬ್ಬರನ್ನು ಹೊಡೆದ ಲೆಕ್ಕಕ್ಕೆ ತನ್ನ ಪುಣ್ಯಗಳನ್ನೆಲ್ಲ ಅವರಿಗೆ ಹಂಚಿ ಬರಿಗೈಯಾಗುತ್ತಾನೆ ಎಂಬ ವಿವರಣೆ ಅದರಲ್ಲಿದೆ. ಎರಡನೆಯ ಪ್ರಶ್ನೆ ಕೇಳಿದ ಓದುಗರಿಗೆ ನನ್ನ ಉತ್ತರವೂ ಇಲ್ಲೇ ಇದೆ. ನಮಾಝ್ ಅಲ್ಲಾಹನ ಹಕ್ಕನ್ನು ಸಲ್ಲಿಸುತ್ತದೆ. ಜನರ ಹಕ್ಕು ಬೇರೆ ಖಾತೆ, ಅದನ್ನು ಪ್ರತ್ಯೇಕವಾಗಿಯೇ ತೀರಿಸಬೇಕು.

5. ಕೋಪಕ್ಕೆ ಮೊದಲೇ ಸಿದ್ಧತೆ ಮಾಡಿಕೊಳ್ಳಿ

ಕೋಪ ಬಂದ ಮೇಲೆ ಉಪಾಯ ಹುಡುಕಿದರೆ ಸಿಗುವುದಿಲ್ಲ. ಕುಸ್ತಿಯಲ್ಲಿ ಕೆಡವುವವನಲ್ಲ, ಕೋಪದ ವೇಳೆ ತನ್ನನ್ನು ಹಿಡಿದಿಟ್ಟುಕೊಳ್ಳುವವನೇ ಬಲಶಾಲಿ ಎಂಬ ಮಾತನ್ನು ಎಲ್ಲರೂ ಕೇಳಿದ್ದೇವೆ; ಹಿಡಿದಿಡುವ ವಿಧಾನವನ್ನು ತಿಳಿದವರು ಕಡಿಮೆ. ವರದಿಗಳಲ್ಲಿ ಬಂದಿರುವ ಕ್ರಮ ಸರಳವಾಗಿದೆ: ಬಾಯಿ ಮುಚ್ಚಿ, ‘ಅಊದು ಬಿಲ್ಲಾಹ್’ ಎಂದು ಅಲ್ಲಾಹನ ಅಭಯ ಬೇಡಿ, ನಿಂತಿದ್ದರೆ ಕುಳಿತುಕೊಳ್ಳಿ, ಆಗಲೂ ಇಳಿಯದಿದ್ದರೆ ಒರಗಿಕೊಳ್ಳಿ, ನೀರಿನಿಂದ ವುಝೂ, ಅಂದರೆ ನಮಾಝಿಗೆ ಮುನ್ನ ಮಾಡುವ ಅಂಗಶುದ್ಧಿ ಮಾಡಿ. ಒಂದನ್ನು ನಾನು ಸೇರಿಸುತ್ತೇನೆ. ಆ ಹೊತ್ತಿನಲ್ಲಿ ಬರೆದ ಸಂದೇಶವನ್ನು ಮುಂದಿನ ನಮಾಝಿನವರೆಗೆ ಕಳುಹಿಸಬೇಡಿ, ತಲಾಕ್, ರಾಜೀನಾಮೆ, ಸಂಬಂಧ ಕಡಿದುಕೊಳ್ಳುವ ಮಾತುಗಳನ್ನು ಎತ್ತಬೇಡಿ.

ಕುರ್‌ಆನ್ (3:134) ಇಲ್ಲಿ ಮೂರು ಮೆಟ್ಟಿಲುಗಳನ್ನು ತೋರಿಸುತ್ತದೆ. ಮೊದಲನೆಯದು ‘ಕಝ್ಮ್’, ತುಂಬಿದ ನೀರಿನ ಚರ್ಮದ ಚೀಲದ ಬಾಯಿ ಕಟ್ಟುವುದಕ್ಕೆ ಅರಬರು ಬಳಸುತ್ತಿದ್ದ ಪದ ಅದು, ಒಳಗೆ ತುಂಬಿದೆ ಆದರೆ ಹೊರಗೆ ಚೆಲ್ಲುತ್ತಿಲ್ಲ ಎಂಬರ್ಥ. ಎರಡನೆಯದು ಕ್ಷಮೆ. ಮೂರನೆಯದು ನೋಯಿಸಿದವರಿಗೂ ಉಪಕಾರ ಮಾಡುವುದು. ಮೂರನೆಯದನ್ನೇ ಮೊದಲ ದಿನ ಏರಲು ಹೋಗಿ ಸೋತು ನಿರಾಶರಾಗುವವರಿದ್ದಾರೆ. ಚೀಲದ ಬಾಯಿ ಕಟ್ಟುವುದನ್ನು ಕಲಿತರೆ ಸದ್ಯಕ್ಕೆ ಸಾಕು.

6. ದಿನಚರಿಯ ಸಣ್ಣ ಅದಬ್‌ಗಳನ್ನು ಸೇರಿಸಿ

ಇವು ಹಲವರಿಗೆ ಬಾಲ್ಯದ ಮದ್ರಸದಲ್ಲೇ ಪಾಠವಾಗಿರುತ್ತವೆ, ಆದ್ದರಿಂದ ಬೇಗ ಹೇಳಿ ಮುಗಿಸುತ್ತೇನೆ. ಸಲಾಮಿಗೆ ಅದಕ್ಕಿಂತ ಉತ್ತಮವಾಗಿ, ಇಲ್ಲವೇ ಅಷ್ಟೇ ಮಟ್ಟಿಗೆ ಉತ್ತರಿಸಬೇಕು (4:86). ವಾಹನದಲ್ಲಿರುವವರು ನಡೆಯುವವರಿಗೆ, ನಡೆಯುವವರು ಕುಳಿತವರಿಗೆ ಮೊದಲು ಸಲಾಂ ಹೇಳಬೇಕು. ಮೂವರಿದ್ದಾಗ ಇಬ್ಬರೇ ಗುಟ್ಟು ಮಾತನಾಡಬಾರದು. ಮೂರನೆಯವರಿಗೆ ಬಾರದ ಭಾಷೆಗೆ ಹೊರಳುವುದೂ ಇದೇ ಎಂದು ವಿದ್ವಾಂಸರು ಪರಿಗಣಿಸಿದ್ದಾರೆ. ಬ್ಯಾರಿ, ನವಾಯತಿ, ದಖನಿ, ಕನ್ನಡ ಎಲ್ಲವೂ ಒಂದೇ ಕೋಣೆಯಲ್ಲಿ ಸೇರುವ ನಮ್ಮ ಕಡೆ ಇದನ್ನು ನೆನಪಿಡಲೇಬೇಕು.

ಇನ್ನೊಬ್ಬರ ಮನೆಗೆ ಅನುಮತಿ ಪಡೆದೇ ಪ್ರವೇಶಿಸಬೇಕು, ಮೂರು ಬಾರಿ ಕೇಳಿಯೂ ಉತ್ತರ ಬಾರದಿದ್ದರೆ ಹಿಂದಿರುಗಬೇಕು. ಹಿಂದಿರುಗಿ ಎಂದರೆ ಬೇಸರಿಸದೆ ಹಿಂದಿರುಗುವುದೇ ಹೆಚ್ಚು ಪರಿಶುದ್ಧ ನಡೆ ಎಂದು ಕುರ್‌ಆನ್ (24:28) ಹೇಳುತ್ತದೆ. ಮೂರು ಸಲ ಕರೆ ಮಾಡಿಯೂ ಎತ್ತದವರನ್ನು ಹತ್ತು ಸಲ ಕರೆದು, ಆಮೇಲೆ ಜಗಳ ತೆಗೆಯುವವರು ಈ ವಚನವನ್ನು ಫೋನಿಗೂ ಅನ್ವಯಿಸಿಕೊಳ್ಳಲಿ.

ಮಕ್ಕಳಿಗೆ ಕಲಿಸುವಾಗ ಉಮರ್ ಬಿನ್ ಅಬೀ ಸಲಮಾ(ರ) ಅವರ ನೆನಪು ಮಾದರಿಯಾಗಲಿ. ಬಾಲಕನಾಗಿದ್ದ ಅವರ ಕೈ ತಟ್ಟೆಯ ತುಂಬ ಓಡಾಡುತ್ತಿದ್ದಾಗ ಪ್ರವಾದಿ(ಸ) ಮೂರು ಚುಟುಕು ಮಾತು ಹೇಳಿದರು: ಅಲ್ಲಾಹನ ಹೆಸರು ಹೇಳು, ಬಲಗೈಯಲ್ಲಿ ತಿನ್ನು, ನಿನ್ನ ಹತ್ತಿರದ್ದನ್ನು ತಿನ್ನು. ಆಮೇಲೆ ತಾನು ಉಣ್ಣುವ ರೀತಿ ಅದೇ ಆಯಿತು ಎಂದು ಅವರೇ ಹೇಳಿದ್ದಾರೆ. ಅತಿಥಿಗಳೆದುರು ಮಗುವನ್ನು ನಾಚಿಸಿ ಕಲಿಸಿದ ಅದಬ್ ಹೀಗೆ ಉಳಿಯುವುದಿಲ್ಲ.

7. ನೆರೆಯವರ ಹಕ್ಕನ್ನು ಪಟ್ಟಿಗೆ ಸೇರಿಸಿ

ನೆರೆಯವರ ವಿಷಯದಲ್ಲಿ ದೇವದೂತ ಜಿಬ್ರೀಲ್(ಅ) ಎಷ್ಟು ಒತ್ತಾಯಿಸುತ್ತಿದ್ದರೆಂದರೆ, ಅವರಿಗೆ ಆಸ್ತಿಯಲ್ಲೂ ಪಾಲು ಕೊಡಿಸುವರೇನೋ ಎಂದು ತಮಗೆ ಅನಿಸಿತೆಂದು ಪ್ರವಾದಿ(ಸ) ಹೇಳಿದ್ದಾರೆ. ಸಾರು ಮಾಡಿದಾಗ ನೀರು ಸ್ವಲ್ಪ ಹೆಚ್ಚಿಸಿ ನೆರೆಯವರನ್ನು ನೆನಪಿಡು ಎಂದು ಅಬೂ ಝರ್(ರ) ಅವರಿಗೆ ಉಪದೇಶಿಸಿದ್ದಾರೆ. ಇಲ್ಲಿ ನೆರೆಯವರೆಂದರೆ ಮುಸ್ಲಿಮರು ಮಾತ್ರವೆಂದು ತಿಳಿಯುವುದು ತಪ್ಪು. ಮನೆಯಲ್ಲಿ ಕುರಿ ಕೊಯ್ದಾಗ ಅಬ್ದುಲ್ಲಾ ಬಿನ್ ಅಮ್ರ್(ರ) ಅವರು ‘ನಮ್ಮ ಯಹೂದಿ ನೆರೆಯವನಿಗೆ ಕೊಟ್ಟಿರಾ’ ಎಂದು ವಿಚಾರಿಸಿದ್ದು ಇದೇ ಉಪದೇಶದ ಆಧಾರದಲ್ಲಿ. ನಮ್ಮ ಬೀದಿಗಳಲ್ಲಿ ಈ ಅದಬ್‌ಗೆ ಇನ್ನೂ ಒಂದು ಮುಖವಿದೆ: ನೆರೆಯವರು ಏನು ತಿನ್ನುತ್ತಾರೆ, ಏನು ತಿನ್ನುವುದಿಲ್ಲ ಎಂದು ತಿಳಿದು, ಅವರಿಗೆ ಒಗ್ಗುವುದನ್ನೇ ಕಳುಹಿಸುವುದು. ಮಸೀದಿಯ ಮುಂದೆ ಅನ್ಯರ ಗೇಟಿಗೆ ಅಡ್ಡವಾಗಿ ಬೈಕು ನಿಲ್ಲಿಸಿ ಜುಮಾ ನಮಾಝಿಗೆ ಓಡುವುದು ಈ ಹಂತದಲ್ಲಿ ನಿಲ್ಲಲೇಬೇಕಾದ ಅಭ್ಯಾಸ; ದಾರಿಯಿಂದ ತೊಂದರೆಯ ವಸ್ತುವನ್ನು ತೆಗೆಯುವುದು ವಿಶ್ವಾಸದ ಶಾಖೆಗಳಲ್ಲೊಂದು ಎಂಬ ಹದೀಸ್ ನಮ್ಮಲ್ಲಿದೆ.

8. ರಾತ್ರಿ ಮುಹಾಸಬಾ ಮಾಡಿ

ಮುಹಾಸಬಾ ಎಂದರೆ ತನ್ನ ಲೆಕ್ಕವನ್ನು ತಾನೇ ನೋಡಿಕೊಳ್ಳುವುದು. ನಾಳೆಗಾಗಿ ಏನನ್ನು ಕಳುಹಿಸಿದ್ದೇನೆಂದು ಪ್ರತಿಯೊಬ್ಬನೂ ನೋಡಿಕೊಳ್ಳಲಿ ಎಂಬ ವಚನ (59:18) ಇದಕ್ಕೆ ಆಧಾರ. ಟಿಪ್ಪಣಿ ಪುಸ್ತಕದಲ್ಲಿ ದಿನಾಂಕದ ಎದುರು ಮೂರು ಸಂಗತಿಗಳನ್ನು ಮಾತ್ರ ಬರೆಯಿರಿ: ಆರಿಸಿಕೊಂಡ ದೋಷ ಇಂದು ಎಷ್ಟು ಸಲ ಹೊರಬಂತು, ಯಾವ ಹೊತ್ತಿನಲ್ಲಿ ಬಂತು, ಎಷ್ಟು ಸಲ ತಡೆದೆ. ಒಂದು ತಿಂಗಳ ಪುಟಗಳನ್ನು ಒಟ್ಟಿಗೆ ನೋಡಿದರೆ ಕೋಪವೆಲ್ಲ ಹಸಿದ ಸಂಜೆಗಳಲ್ಲಿ ಬಂದಿದೆ, ಗೀಬತ್ತೆಲ್ಲ ಒಬ್ಬರೇ ಗೆಳೆಯರ ಸಂಗದಲ್ಲಿ ನಡೆದಿದೆ ಎಂಬಂತಹ ವಿಷಯಗಳು ತಾನಾಗಿ ಗೋಚರಿಸುತ್ತವೆ. ಆಗ ದೋಷಕ್ಕಿಂತ ಮೊದಲು ಆ ಹೊತ್ತನ್ನು, ಆ ಸಂಗವನ್ನು ಸರಿಪಡಿಸಬಹುದು.

ಎರಡು ಎಚ್ಚರಿಕೆಗಳಿವೆ. ಪಾಪದ ವಿವರವನ್ನಾಗಲಿ ಇತರರ ಹೆಸರನ್ನಾಗಲಿ ಬರೆಯಬೇಡಿ, ಸಂಕೇತಾಕ್ಷರ ಸಾಕು; ಅಲ್ಲಾಹನು ಮರೆಮಾಡಿದ ತಪ್ಪನ್ನು ತಾನೇ ಬಯಲು ಮಾಡುವುದನ್ನು ಹದೀಸ್ ಖಂಡಿಸುತ್ತದೆ. ಎರಡನೆಯದಾಗಿ, ಪುಸ್ತಕವನ್ನು ನಿಮ್ಮನ್ನು ಹಳಿದುಕೊಳ್ಳಲು ಬಳಸಬೇಡಿ. ಜಾರಿದ ದಿನ ಅದರ ಬೆನ್ನಿಗೇ ಒಂದು ಒಳ್ಳೆಯ ಕೆಲಸ ಮಾಡಿ; ಸತ್ಕರ್ಮಗಳು ದುಷ್ಕರ್ಮಗಳನ್ನು ಅಳಿಸುತ್ತವೆ ಎಂದು ಕುರ್‌ಆನ್ (11:114) ಭರವಸೆ ನೀಡಿದೆ.

ಇತರರನ್ನು ತಿದ್ದುವ ಆಸೆ ಬಂದಾಗ

ಕೆಲವು ವಾರಗಳ ಅಭ್ಯಾಸದ ನಂತರ ಇತರರ ಬೇಅದಬ್ ಕಣ್ಣಿಗೆ ಚುಚ್ಚತೊಡಗುತ್ತದೆ. ಮದೀನಾದ ಮಸೀದಿಯೊಳಗೆ ಒಬ್ಬ ಹಳ್ಳಿಗ ಅರಬ ಮೂತ್ರ ಮಾಡತೊಡಗಿದಾಗ ಜನ ಅವನ ಮೇಲೆ ಏರಿಹೋದರು. ಅವನನ್ನು ಬಿಡಿ, ಮೂತ್ರದ ಮೇಲೆ ಒಂದು ಬಿಂದಿಗೆ ನೀರು ಸುರಿಯಿರಿ, ನಿಮ್ಮನ್ನು ಕಳುಹಿಸಿರುವುದು ಸುಲಭಗೊಳಿಸಲಿಕ್ಕೆ, ಕಷ್ಟ ಕೊಡಲಿಕ್ಕಲ್ಲ ಎಂದು ಪ್ರವಾದಿ(ಸ) ತಡೆದರು. ಮಸೀದಿಯಲ್ಲಿ ಮಗುವೊಂದು ಓಡಿದರೆ, ಯುವಕನೊಬ್ಬ ಟೋಪಿಯಿಲ್ಲದೆ ಬಂದರೆ ಗದರುವ ಹಿರಿಯರೂ, ಅಂತರ್ಜಾಲದಲ್ಲಿ ಸಾರ್ವಜನಿಕವಾಗಿ ಛೀಮಾರಿ ಹಾಕುವ ಕಿರಿಯರೂ ಈ ಘಟನೆಯನ್ನು ಎದುರಿಗಿಟ್ಟುಕೊಳ್ಳಬೇಕು. ಹೇಳಲೇಬೇಕಾದರೆ ಒಂಟಿಯಾಗಿ ಸಿಕ್ಕಾಗ, ತಗ್ಗಿದ ದನಿಯಲ್ಲಿ, ಒಮ್ಮೆ ಮಾತ್ರ ಹೇಳಿ.

ಮೊದಲ ದೋಷ ತಿಂಗಳಲ್ಲಿ ಒಂದೆರಡು ಸಲಕ್ಕೆ ಇಳಿದ ಮೇಲೆಯೇ ಎರಡನೆಯದನ್ನು ಕೈಗೆತ್ತಿಕೊಳ್ಳಿ. ಯಾವುದನ್ನು ಎತ್ತಿಕೊಳ್ಳಬೇಕೆಂದು ತಿಳಿಯದಿದ್ದರೆ ಮನೆಯಲ್ಲಿ ಅತ್ಯಂತ ಕಿರಿಯರನ್ನೋ, ಕೆಲಸಕ್ಕೆ ಬರುವವರನ್ನೋ ಕೇಳಿ. ಅವರು ಉತ್ತರಿಸಲು ಹಿಂಜರಿದರೆ ಮೂರನೆಯ ಹಂತಕ್ಕೆ ಮರಳಿ, ಅಲ್ಲಿಂದ ಮತ್ತೆ ಆರಂಭಿಸಿ.